ದಪ್ಪ ಚರ್ಮ: ಮನುಷ್ಯ ಮತ್ತು ಪ್ರಾಣಿಗಳಲ್ಲಿ

ಮನುಷ್ಯ
• ದೇಹದ ಅತಿದೊಡ್ಡ ಅಂಗ: ಚರ್ಮ.
• ಹೊರಚರ್ಮ ಅಂಗಾಲಿನಲ್ಲಿ ಸುಮಾರು 1.5 ಮಿ.ಮೀ., ಕಣ್ಣುರೆಪ್ಪೆಯಲ್ಲಿ ಸುಮಾರು 0.05 ಮಿ.ಮೀ. ದಪ್ಪ.
• ಅಂಗೈ, ಅಂಗಾಲಿನಲ್ಲಿ ಕೂದಲು, ತೈಲಗ್ರಂಥಿಗಳಿಲ್ಲ, ಬೆವರುಗ್ರಂಥಿಗಳು ಹೇರಳ.
• ಗುದ್ದಲಿ ಹಿಡಿಯುವ ಅಂಗೈ ಜಡ್ಡುಗಟ್ಟಲು ಕಾರಣ: ಸತತ ಉಜ್ಜಾಟದಿಂದ ಕೆರಾಟಿನ್ ಪದರ ದಪ್ಪವಾಗುವುದು.

ಪ್ರಾಣಿಗಳು
• ಆನೆ: ಕೆಲವೆಡೆ ಚರ್ಮ ಸುಮಾರು 2.5 ಸೆಂ.ಮೀ. ದಪ್ಪ. ಆಫ್ರಿಕದ ಆನೆಯ ಚರ್ಮದ ಸೂಕ್ಷ್ಮ ಬಿರುಕುಗಳು ನೀರು, ಕೆಸರನ್ನು ಹಿಡಿದಿಟ್ಟು ಮೈ ತಂಪಾಗಿಸುತ್ತವೆ.
• ಘೇಂಡಾಮೃಗ: ಹೆಣೆದುಕೊಂಡ ಕೊಲಾಜೆನ್ ಎಳೆಗಳೇ ಚರ್ಮದ ಬಲ. ಕೊಂಬು ಮೂಳೆಯಲ್ಲ, ಕೆರಾಟಿನ್.

ನೆನಪಿಡಿ: ದಪ್ಪ ಚರ್ಮವೆಂದರೆ ಸ್ಪರ್ಶಜ್ಞಾನವಿಲ್ಲವೆಂದಲ್ಲ. ಮೈಮೇಲೆ ಕೂತ ನೊಣವೂ ಆನೆಗೆ ತಿಳಿಯುತ್ತದೆ. ಬಿಸಿಲು, ಕೀಟಗಳಿಂದ ರಕ್ಷಣೆಗೆ ಅದಕ್ಕೆ ಕೆಸರುಸ್ನಾನ ಬೇಕೇ ಬೇಕು.