ಬ್ಯಾಗ್ ತುಂಬೋದು ಹೇಗೆ? ನಾಲ್ಕು ಊರಿನ ನಾಲ್ಕು ಪಾಠ

ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿದ ಅರ್ಧ ಗಂಟೆಗೆ ಹಾಸ್ಟೆಲ್ ಅರ್ಧ ಖಾಲಿ. ಸಿಕ್ಕಿದ್ದನ್ನೆಲ್ಲ ಬ್ಯಾಗಿಗೆ ತುರುಕಿ, ಮಂಡಿ ಊರಿ ಒತ್ತಿ, ಜಿಪ್ ಎಳೆದು ಬಸ್ಸಿಗೆ ಓಟ. ನಮ್ಮ ರೂಮಿನ ನಾಲ್ವರದ್ದೂ ಇದೇ ಕಥೆಯಾಗಿತ್ತು. ನಮ್ಮೂರುಗಳು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ನಾಲ್ಕೂ ಒಂದೇ ಜಿಲ್ಲೆ.

ಬುದ್ಧಿ ಬಂದಿದ್ದು ಕಳೆದ ಸೆಮಿಸ್ಟರ್‌ನಲ್ಲಿ. ಭಾನುವಾರ ರಾತ್ರಿ ಊರಿಂದ ಬಂದು ಬ್ಯಾಗ್ ತೆಗೆದರೆ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಸಡಿಲಾಗಿತ್ತು. ಎಣ್ಣೆ ನೇರ ಲ್ಯಾಬ್ ರೆಕಾರ್ಡಿಗೆ ಇಳಿದಿತ್ತು. ಸೋಮವಾರ ಬೆಳಗ್ಗೆ ಸಬ್ಮಿಷನ್! ಅವನು ಬರೆಯುತ್ತಾ ಹೋದ, ನಾವು ಮೂವರು ಗ್ರಾಫ್ ಎಳೆದೆವು. ಬೆಳಗಿನ ಜಾವ ನಾಲ್ಕಾದರೂ ಎರಡು ಪ್ರಯೋಗ ಉಳಿದವು, ಅಂಕವೂ ಹೋಯಿತು.

ಆಮೇಲೆ ನಮಗೆ ನಾಚಿಕೆಯಾಯಿತು. ನಮ್ಮ ಊರಿನವರು ಟೊಮೆಟೊ, ದ್ರಾಕ್ಷಿ, ರೇಷ್ಮೆಗೂಡಿನಂಥ ಸೂಕ್ಷ್ಮ ಮಾಲನ್ನು ದಿನಾ ಹಾಳಾಗದ ಹಾಗೆ ಮಾರುಕಟ್ಟೆಗೆ ಸಾಗಿಸುತ್ತಾರೆ. ಇಂಜಿನಿಯರಿಂಗ್ ಓದೋ ನಮಗೆ ಒಂದು ಬ್ಯಾಗ್ ತುಂಬೋಕೆ ಬರಲ್ವಾ? ಹಾಗೆ ಯೋಚಿಸಿದಾಗ ಸಿಕ್ಕ ಪಾಠಗಳು ಇವು.

ಮೊದಲು ತೂಕದ ಲೆಕ್ಕ

ಶಾಲಾ ಮಕ್ಕಳ ಬ್ಯಾಗಿನ ಬಗ್ಗೆ ಕೇಂದ್ರ ಸರ್ಕಾರದ 2020ರ ನೀತಿಯೊಂದಿದೆ. ಬ್ಯಾಗಿನ ತೂಕ ಮಗುವಿನ ತೂಕದ ಶೇ. 10 ಮೀರಬಾರದು ಅನ್ನುತ್ತೆ ಅದು. ನಮಗೆ ಅದು ಕಡ್ಡಾಯವಲ್ಲ, ಆದರೆ ಅಳತೆಗೋಲಾಗಿ ಚೆನ್ನಾಗಿದೆ. 60 ಕೆಜಿ ಇರೋರಿಗೆ 6 ಕೆಜಿ. ಲ್ಯಾಪ್‌ಟಾಪ್, ಚಾರ್ಜರ್ ಸೇರಿ ಸುಮಾರು ಎರಡೂವರೆ ಕೆಜಿ, ಒಂದು ಲೀಟರ್ ನೀರು ಒಂದು ಕೆಜಿ. ಉಳಿದಿದ್ದು ಎರಡೂವರೆ ಕೆಜಿ ಮಾತ್ರ. ಎರಡು ದಿನಕ್ಕೆ ಮೂರು ಜೀನ್ಸ್ ಯಾಕೆ? ಮೂರು ಸಲ ಊರಿಗೆ ಹೋಗಿ ಬಂದರೂ ತೆರೆಯದ ಪುಸ್ತಕವನ್ನು ನಾಲ್ಕನೇ ಸಲ ಹೊರೋದು ಬೇಡ.

1. ಚಿಂತಾಮಣಿಯ ಕ್ರೇಟ್: ಭಾರ ಹೊರೋದು ಯಾರು?

ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿರೋದನ್ನ ನೋಡಿರ್ತೀರ. ಒಂದೊಂದು 15 ಕೆಜಿ. ಆದರೂ ಕೆಳಗಿನ ಹಣ್ಣು ಜಜ್ಜಿ ಹೋಗಲ್ಲ. ಯಾಕಂದ್ರೆ ಮೇಲಿನ ಭಾರ ಕ್ರೇಟಿನ ಗೋಡೆಗಳ ಮೂಲಕ ನೆಲಕ್ಕೆ ಇಳಿಯುತ್ತೆ, ಹಣ್ಣಿನ ಮೇಲಲ್ಲ. ಅಂಚಿಗಿಂತ ಮೇಲಕ್ಕೆ ತುಂಬಿದ ಕ್ರೇಟಿನಲ್ಲಿ ಮಾತ್ರ ಹಣ್ಣು ಒಡೆಯೋದು.

ಬ್ಯಾಗಿನಲ್ಲೂ ಅಷ್ಟೇ. ಒಡೆಯೋ, ಸೋರೋ ವಸ್ತು ಗಟ್ಟಿ ಡಬ್ಬಿಯೊಳಗೆ ಇರಲಿ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಕವರಿನಲ್ಲಿ ಕಟ್ಟಿ, ನೆಟ್ಟಗೆ ನಿಲ್ಲಿಸಿ. ರೆಕಾರ್ಡಿಗೆ ಬೇರೆ ಕವರ್, ಬೇರೆ ಅರೆ.

ಭಾರದ ವಸ್ತು ಬೆನ್ನಿಗೆ ಒತ್ತಿಕೊಂಡಿರಲಿ. ಎರಡೂವರೆ ಕೆಜಿ ಬೆನ್ನಿಂದ 10 ಸೆಂ.ಮೀ. ದೂರದಲ್ಲಿದ್ದರೆ ಮೊಮೆಂಟ್ ಸುಮಾರು 2.5 ನ್ಯೂಟನ್ ಮೀಟರ್. 25 ಸೆಂ.ಮೀ. ದೂರವಾದರೆ 6ಕ್ಕೂ ಹೆಚ್ಚು. ವಸ್ತು ಅದೇ, ಹಿಂದಕ್ಕೆ ಎಳೆಯೋದು ಮಾತ್ರ ಎರಡೂವರೆ ಪಟ್ಟು. ಮೆಕ್ಯಾನಿಕ್ಸ್ ಪಾಸಾಗಿದ್ದ ನಮಗೆ ಇದು ಹೊಳೆದಿದ್ದು ಭುಜ ನೋವು ಬಂದ ಮೇಲೆ.

2. ಚಿಕ್ಕಬಳ್ಳಾಪುರದ ದ್ರಾಕ್ಷಿ: ಅಲ್ಲಾಡಬಾರದು

ದ್ರಾಕ್ಷಿ ತುಂಬೋವಾಗ ಕ್ರೇಟಿಗೆ ಪೇಪರ್ ಹಾಸಿ, ಗೊಂಚಲುಗಳನ್ನು ಒತ್ತಾಗಿ ಜೋಡಿಸುತ್ತಾರೆ. ಸಂದು ಬಿಟ್ಟರೆ ದಾರಿಯುದ್ದಕ್ಕೂ ಕುಲುಕಿ ಕಾಳು ಉದುರುತ್ತೆ. ಬ್ಯಾಗಿನಲ್ಲಿ ಪೇಪರಿನ ಕೆಲಸ ನಮ್ಮ ಬಟ್ಟೆಗಳದ್ದು. ಶೂ ಒಳಗೆ ಸಾಕ್ಸ್, ಡಬ್ಬಿಯ ಸುತ್ತ ಟೀ ಶರ್ಟ್. ಟೀ ಶರ್ಟನ್ನ ಬಿಗಿಯಾಗಿ ಸುತ್ತಿ, ಮಡಿಕೆಗಳ ನಡುವಿನ ಗಾಳಿ ಹೋಗಿ ಜಾಗ ಉಳಿಯುತ್ತೆ, ಸಂದಿಗೂ ಸರಿಯಾಗಿ ಕೂರುತ್ತೆ. ಕಾಲರ್ ಇರೋ ಇಸ್ತ್ರಿ ಶರ್ಟನ್ನ ಮಾತ್ರ ಮಡಚಿ, ಎಲ್ಲಕ್ಕಿಂತ ಮೇಲೆ ಹಾಸಿ.

3. ಶಿಡ್ಲಘಟ್ಟದ ಗೂಡು: ಉಸಿರಾಡಲಿ

ದ್ರಾಕ್ಷಿಯ ಪಾಠ ಎಲ್ಲದಕ್ಕೂ ನಡೆಯಲ್ಲ. ರೇಷ್ಮೆಗೂಡನ್ನು ಮಾರುಕಟ್ಟೆಗೆ ತರೋವಾಗ ಚೀಲದಲ್ಲಿ ಸಡಿಲವಾಗಿ ತುಂಬಬೇಕು, ಗಾಳಿಯೂ ಆಡಬೇಕು. ಅದುಮಿ ತುಂಬಿದರೆ ಒಳಗಿನ ಹುಳು ನಜ್ಜಾಗಿ ಗೂಡಿಗೆ ಕಲೆ ಬೀಳುತ್ತೆ, ಹರಾಜಿನಲ್ಲಿ ರೇಟು ಬೀಳುತ್ತೆ. ಶಿಡ್ಲಘಟ್ಟದ ಗೆಳೆಯನ ಮನೇಲಿ ತಿಂಗಳ ದುಡಿಮೆ ಆ ಚೀಲದಲ್ಲಿರುತ್ತೆ.

ನಮ್ಮ ಬ್ಯಾಗಿನಲ್ಲಿ ಗಾಳಿ ಬೇಕಾದ್ದು ಒದ್ದೆ ಟವೆಲ್ಲಿಗೆ, ಬೆವರಿನ ಬಟ್ಟೆಗೆ. ಆದಷ್ಟೂ ಒಣಗಿಸಿಯೇ ಇಡಿ. ಒದ್ದೆಯಿದ್ದರೆ ಪ್ಲಾಸ್ಟಿಕ್‌ನಲ್ಲಿ ಗಂಟು ಕಟ್ಟಬೇಡಿ, ಮುಗ್ಗಲು ವಾಸನೆ ಹಿಡಿಯುತ್ತೆ. ಬಟ್ಟೆ ಚೀಲಕ್ಕೆ ಹಾಕಿ ಹೊರಗಿನ ಜೇಬಿನಲ್ಲಿಡಿ.

4. ಗೌರಿಬಿದನೂರಿನ ರೈಲು: ಮೊದಲು ಬೇಕಾದ್ದು ಮೇಲೆ

ಯಲಹಂಕದಲ್ಲಿ ರೈಲು ಹತ್ತಿದರೆ ದೊಡ್ಡಬಳ್ಳಾಪುರ ದಾಟೋವರೆಗೂ ನಿಂತೇ ಇರಬೇಕಾಗಬಹುದು. ಆ ನೂಕಾಟದಲ್ಲಿ ಟಿಕೆಟ್‌ಗೋಸ್ಕರ ಬ್ಯಾಗ್ ಬಿಚ್ಚೋಕಾಗಲ್ಲ. ಅದಕ್ಕೇ ಟಿಕೆಟ್, ಐಡಿ ಕಾರ್ಡ್, ಇಯರ್‌ಫೋನ್, ಚಿಲ್ಲರೆ ಇವೆಲ್ಲ ಒಂದು ಚಿಕ್ಕ ಪೌಚಿನಲ್ಲಿ, ಕೈಗೆ ಸಿಗೋ ಹಾಗಿರಲಿ. ಬಳಸೋ ಸರದಿ ಹಿಂದುಮುಂದು ಮಾಡಿ ತುಂಬಿ: ಕೊನೆಗೆ ಬೇಕಾದ್ದು ಮೊದಲು ಒಳಗೆ, ಮೊದಲು ಬೇಕಾದ್ದು ಕೊನೆಗೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬ್ಯಾಗ್ ಒಂದು ಸ್ಟ್ಯಾಕ್.

ಕೊನೆಯದು: ಕಾಲು ಭಾಗ ಖಾಲಿ

ಈ ಪಾಠ ಯಾವ ಮಾರುಕಟ್ಟೆಯದ್ದೂ ಅಲ್ಲ. ರೆಕಾರ್ಡ್ ಹಾಳಾದ ಮುಂದಿನ ವಾರ ನಾವೆಲ್ಲ ಸಿಕ್ಕಾಪಟ್ಟೆ ಶಿಸ್ತಿನಿಂದ ಬ್ಯಾಗ್ ತುಂಬಿದ್ದೆವು, ಒಂದಿಂಚೂ ವ್ಯರ್ಥವಿಲ್ಲ. ವಾಪಸ್ ಹೊರಡೋವಾಗ ನಮ್ಮಲ್ಲೊಬ್ಬನ ಅಮ್ಮ ಚಟ್ನಿಪುಡಿ, ಹುರಿದ ಕಡ್ಲೆಕಾಯಿ ಕಟ್ಟಿ ತಂದರು. "ಜಾಗ ಇಲ್ಲಮ್ಮ, ಮತ್ತೆ ಎಣ್ಣೆಗಿಣ್ಣೆ ಸೋರುತ್ತೆ" ಅಂದುಬಿಟ್ಟ. ಅವರು ಏನೂ ಹೇಳಲಿಲ್ಲ, ಡಬ್ಬಿಯನ್ನ ಮತ್ತೆ ಶೆಲ್ಫಿಗೆ ಇಟ್ಟರು. ಅವನು ಇದನ್ನ ನಮಗೆ ಹೇಳಿದ್ದು ಬುಧವಾರ, ಮೆಸ್‌ನಲ್ಲಿ ಬರೀ ಅನ್ನ ಸಾರು ಕಲಸಿಕೊಂಡು ಕೂತಾಗ.

ಆಗಿಂದ ನಮ್ಮ ರೂಮಿನ ನಿಯಮ ಒಂದೇ: ಊರಿಗೆ ಹೊರಡೋವಾಗ ಬ್ಯಾಗಿನ ಕಾಲು ಭಾಗ ಖಾಲಿ ಇರಬೇಕು. ಜೊತೆಗೆ ಎರಡು ಗಟ್ಟಿ ಮುಚ್ಚಳದ ಖಾಲಿ ಡಬ್ಬಿ ಒಯ್ಯಬೇಕು. ಈ ಶನಿವಾರ ಜಿಪ್ ಎಳೆಯೋ ಮುಂಚೆ ನೀವೂ ಒಮ್ಮೆ ನೋಡಿಕೊಳ್ಳಿ, ಡಬ್ಬಿ ಇಟ್ಟಿದ್ದೀರಾ?