ಎಲ್ಲರೂ ‘ಹೌದು’ ಎಂದ ಪ್ರಶ್ನಾವಳಿ

ಬಾತಿಯ ಅಭ್ಯಾಸ ಬೋಧನೆಯಲ್ಲಿ 10ನೇ ತರಗತಿಯ ಸಂಖ್ಯಾಶಾಸ್ತ್ರ ಪಾಠಕ್ಕೆ ದತ್ತಾಂಶ ಬೇಕಿತ್ತು. ‘ಊಟಕ್ಕೆ ಮುಂಚೆ ಕೈ ತೊಳೆಯಬೇಕೇ?’ ಎಂಬಂಥ ನಾಲ್ಕು ಪ್ರಶ್ನೆ ಕೊಟ್ಟೆ. ‘ಹೌದು’ ಎಂದರೆ 1 ಅಂಕ. 20 ಮಕ್ಕಳಲ್ಲಿ 18 ಮಂದಿಗೆ 4, ಇಬ್ಬರಿಗೆ 3. ನನಗೆ ಖುಷಿಯೋ ಖುಷಿ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಹಂಗಾರೆ ಕೈ ತೊಳೆಯೋದು ಯಾರಿಗೆ ಕಲಿಸ್ತೀರಿ ಮಿಸ್?”

ಪ್ರಶ್ನಾವಳಿಯ ಭೇದಕ ಶಕ್ತಿಯನ್ನು ಅಳೆಯಲು ಫರ್ಗುಸನ್ 1949ರಲ್ಲಿ ಕೊಟ್ಟ ಡೆಲ್ಟಾ ಇದೆ. ಸೂತ್ರ ಬಿಟ್ಟು ಜೋಡಿಗಳಿಂದ ವಿವರಿಸಿದೆ. 20 ಮಕ್ಕಳಲ್ಲಿ 190 ಜೋಡಿ. ಇಬ್ಬರ ಅಂಕ ಬೇರೆಯಾದ ಜೋಡಿಗಳು 18×2=36 ಮಾತ್ರ. 0, 1, 2, 3, 4 ಅಂಕಗಳಿಗೆ ನಾಲ್ಕು ನಾಲ್ಕು ಮಕ್ಕಳು ಬಂದಿದ್ದರೆ ಅಂಥ ಜೋಡಿಗಳು 160; ಅದೇ ಗರಿಷ್ಠ. ಡೆಲ್ಟಾ 36÷160, ಅಂದರೆ 0.225. ಎಲ್ಲರ ಅಂಕ ಒಂದೇ ಆದರೆ 0, ಸಮನಾಗಿ ಹರಡಿದರೆ 1.

ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ಸಿಬ್ಯಾಕ್ ಹಾಳೆಯಲ್ಲಿ 4ಕ್ಕಿಂತ ಹೆಚ್ಚು ಅಂಕ ಬಂದವರಿಗೆ ತಪಾಸಣೆಯಲ್ಲಿ ಆದ್ಯತೆ. ಎಲ್ಲರಿಗೂ ಒಂದೇ ಅಂಕ ಬಂದರೆ ಮೊದಲು ಯಾರನ್ನು ಕರೆಯುವುದು?

ಮರುದಿನ ಪ್ರಶ್ನೆ ಬದಲಿಸಿದೆ: ‘ನಿನ್ನೆ ರಾತ್ರಿ ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆದೆಯಾ?’ ಹಾಳೆ ನಾನೊಬ್ಬಳೇ ನೋಡುತ್ತೇನೆ ಎಂದೆ. 0ಯಿಂದ 4ರವರೆಗೆ ಕ್ರಮವಾಗಿ 2, 4, 6, 5, 3 ಮಕ್ಕಳು. ಬೇರೆಯಾದ ಜೋಡಿ 155, ಡೆಲ್ಟಾ 0.97.

ಆದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ಡೆಲ್ಟಾ ಹೆಚ್ಚೇ ಬರಬಹುದು. ಉತ್ತರ ನಿಜವೇ ಎಂದು ಅದು ಹೇಳದು. 0 ಬಂದ ಇಬ್ಬರನ್ನು ಬಿಡುವಿನಲ್ಲಿ ಮಾತಾಡಿಸಿದೆ. ಒಬ್ಬನ ಮನೆಯಲ್ಲಿ ಸೋಪು ಮುಗಿದು ವಾರವಾಗಿತ್ತು.