ಹಳೆ ಕಂಪ್ಯೂಟರ್ ಕೊಳ್ಳುವ ಮುನ್ನ

ನಮ್ಮ ಮಹಿಳಾ ಸಂಘದ ಲೆಕ್ಕ ಬರೆಯಬೇಕಿತ್ತು. ಹಳೆ ಕಂಪ್ಯೂಟರ್ ನೋಡಲು ಹೋದೆವು.

"ಬರೀ 9,000 ರೂಪಾಯಿ ಅಕ್ಕಾ, ಹೊಸದರ ಹಾಗೇ ಇದೆ" ಅಂದ ಅಂಗಡಿಯವನು.

ಎಮ್ಮೆಯನ್ನು ಹಾಲು ಕರೆದು ನೋಡಿ ತಾನೆ ಕೊಳ್ಳೋದು? "ಆನ್ ಮಾಡಿ ತೋರಿಸಪ್ಪ" ಅಂದೆವು.

ಶುರುವಾಗಲು ಐದು ನಿಮಿಷ ಹಿಡಿಯಿತು. ಮಾಹಿತಿ ಉಳಿಸಿಡುವ ಹಾರ್ಡ್ ಡಿಸ್ಕ್ ಹಳೆಯದು. ಅದರ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಬೇಗ ಓಡುತ್ತದೆ. ಅದಕ್ಕೆ ಬೇರೆ 3,000.

9,000 + 3,000 = 12,000

ಅದನ್ನು ನಡೆಸುವ ವಿಂಡೋಸ್ 10 ಕೂಡ ಹಳೆಯದು. ಅದಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಪಕ್ಕದಲ್ಲಿ ಇನ್ನೊಂದಿತ್ತು. ಎಸ್‌ಎಸ್‌ಡಿ ಇತ್ತು, ವಿಂಡೋಸ್ 11 ಇತ್ತು. ಬೆಲೆ 11,500. ಅದನ್ನೇ ಕೊಂಡೆವು. ರಸೀದಿಯಲ್ಲಿ ವಾರಂಟಿ ಬರೆಸಿಕೊಂಡೆವು.

ಅಕ್ಕತಂಗಿಯರೇ, ಅಂಗಡಿಯವನು ಹೇಳಿದ್ದೇ ಪೂರ್ತಿ ಬೆಲೆಯಲ್ಲ. ರಿಪೇರಿ ಖರ್ಚನ್ನೂ ಕೂಡಿಸಿ.

ಲೆಕ್ಕ ಮಾಡಿ: ಸಂಘಕ್ಕೆ ಎಷ್ಟು ರೂಪಾಯಿ ಉಳಿಯಿತು?